ಉಡದಾರವೂ ವಿಮಾನ ಭದ್ರತೆಯೂ

ವಿಮಾನಯಾನದ ಭದ್ರತೆ ಇವತ್ತು ಯಾವ ದೇಶವೂ ಒಂಟಿಯಾಗಿ ನಿಭಾಯಿಸಲಾಗದ ವಿಷಯ. ಒಂದು ದೇಶದಲ್ಲಿ ಹತ್ತಿದವನು ಇನ್ನೊಂದು ದೇಶದಲ್ಲಿ ಇಳಿಯುತ್ತಾನೆ. ಹತ್ತಿಸಿದವರು ಅವನ ಜೇಬು ನೋಡದಿದ್ದರೆ ಇಳಿಸಿಕೊಳ್ಳುವವರಿಗೆ ಫಜೀತಿ. ಆದ್ದರಿಂದ ದೊಡ್ಡ ದೊಡ್ಡ ದೇಶದವರು ಆಗಾಗ ತಣ್ಣನೆಯ ಸಭಾಂಗಣಗಳಲ್ಲಿ ಕೂತು, ಬಾಟಲಿ ನೀರು ಕುಡಿದು, ಒಬ್ಬರಿಗೊಬ್ಬರು ಸಹಕರಿಸುವುದಾಗಿ ಹೇಳಿ ಎದ್ದು ಹೋಗುತ್ತಾರೆ. ಆ ಸಭೆಗಳಿಗೆ ನಮ್ಮ ಬನಹಟ್ಟಿಯವರನ್ನು ಯಾರೂ ಕರೆದಿಲ್ಲ. ಕರೆದಿದ್ದರೆ ಉಡದಾರದ ಪ್ರಶ್ನೆ ಇಷ್ಟು ಹೊತ್ತಿಗೆ ಇತ್ಯರ್ಥವಾಗಿರುತ್ತಿತ್ತು.

ಈ ಪ್ರಶ್ನೆಯನ್ನು ಜಗತ್ತಿನ ಮುಂದೆ ಮೊದಲು ಇಟ್ಟವನು ಗೂಳಪ್ಪ. ನಮ್ಮ ನೇಕಾರರ ಸಹಕಾರಿ ಸಂಘದ ಗೋದಾಮು ನೋಡಿಕೊಳ್ಳುವವನು. ಸೀರೆಯ ತಾನುಗಳನ್ನು ಎಣಿಸುವುದು, ದರ್ಜೆ ನೋಡುವುದು, ಮುದ್ರೆ ಒತ್ತುವುದು ಅವನ ಕೆಲಸ. ನೂಲಿನ ವಿಷಯದಲ್ಲಿ ಬುದ್ಧಿವಂತ. ಉಳಿದ ವಿಷಯಗಳಲ್ಲಿ ಅವನ ಹೆಂಡತಿ ಶೇವಂತಿ ಬುದ್ಧಿವಂತೆ ಇದ್ದುದರಿಂದ ಸಂಸಾರ ಸರಿಯಾಗಿ ನಡೆದಿತ್ತು.

ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ದಿಲ್ಲಿಯ ಕೈಮಗ್ಗ ಮೇಳಕ್ಕೆ ಸಂಘದ ಪರವಾಗಿ ಗೂಳಪ್ಪನನ್ನು ವಿಮಾನದಲ್ಲಿ ಕಳಿಸುವುದೆಂದು ತೀರ್ಮಾನವಾಯಿತು. ಅಲ್ಲಿಯ ತನಕ ನಮ್ಮ ಓಣಿಯಿಂದ ಯಾರೂ ವಿಮಾನ ಹತ್ತಿರಲಿಲ್ಲ. ಗೂಳಪ್ಪ ಹೊಸ ಕೈಚೀಲ ತಗೊಂಡ, ಬಸ್ಸಿನಲ್ಲಿ ಬೆಂಗಳೂರಿಗೆ ಹೋದ, ನಿಲ್ದಾಣದಲ್ಲಿ ಚೀಲಕ್ಕೆ ಕೊಟ್ಟ ಚೀಟಿಯನ್ನು ಕಟ್ಟಿಕೊಂಡು ಸಾಲಿನಲ್ಲಿ ನಿಂತ. ತಪಾಸಣೆಯ ಸಿಪಾಯಿ ಹಿಡಿಕೆಯುಳ್ಳ ಕರಿಯ ಯಂತ್ರವನ್ನು ಅವನ ಮೈಮೇಲೆ ಆಡಿಸಿದ. ಎದೆಯ ಹತ್ತಿರ ಸುಮ್ಮನಿದ್ದ ಯಂತ್ರ ನಡುವಿನ ಹತ್ತಿರ ಬಂದು ಕೂಗಿಕೊಂಡಿತು. ಅಂಗಿ ಎತ್ತಿ ನೋಡಿದರೆ ಬೆಳ್ಳಿಯ ಉಡದಾರ. ಸಿಪಾಯಿ ಹಿಂದಿಯಲ್ಲಿ ಅದನ್ನು ತೆಗೆ ಅಂದ.

ನಮ್ಮ ಕಡೆ ಗಂಡುಮಗು ಹುಟ್ಟಿದರೆ ನಡುವಿಗೆ ಉಡದಾರ ಬೀಳುತ್ತದೆ. ಬಡವರಿಗೆ ನೂಲಿನದು, ಅನುಕೂಲ ಇದ್ದವರಿಗೆ ಬೆಳ್ಳಿಯದು. ಬೆಳೆದಂತೆ ದೊಡ್ಡದು ಹಾಕಿಸುತ್ತಾರೆ. ಹೊಸದು ಬೀಳುವ ತನಕ ಹಳೆಯದು ಜಾಗ ಬಿಡುವುದಿಲ್ಲ. ಉಡದಾರವನ್ನು ಕತ್ತರಿಸಿ ತೆಗೆಯುವುದು ಹೆಣದ ನಡುವಿನಿಂದ ಮಾತ್ರ.

"ಸಾಹೇಬ್ರ, ನಾ ಇನ್ನೂ ಸತ್ತಿಲ್ರಿ," ಅಂದ ಗೂಳಪ್ಪ.

ಇದು ಸಿಪಾಯಿಗೆ ಅರ್ಥವಾಗಲಿಲ್ಲ. ಕನ್ನಡ ಬಲ್ಲ ಇನ್ನೊಬ್ಬರನ್ನು ಕರೆಸಿದರು. ಅವರು ಮಂಡ್ಯದ ಕಡೆಯವರು. ಮಾತು ಅರ್ಥವಾಯಿತು, ಸಂಗತಿ ಅರ್ಥವಾಗಲಿಲ್ಲ. ಅವರು ಮೇಲಿನವರನ್ನು ಕರೆಸಿದರು. ಮೇಲಿನವರು ಸಮಾಧಾನದಿಂದ ಎಲ್ಲವನ್ನೂ ಕೇಳಿ, ಉಡದಾರವನ್ನು ಹಿಂದೆಮುಂದೆ ನೋಡಿ, ಇದರಿಂದ ವಿಮಾನಕ್ಕೆ ಅಪಾಯವಿಲ್ಲವೆಂದು ಒಪ್ಪಿ, ಚೀಲದ ಚೀಟಿಗೆ ತಪಾಸಣೆಯ ಮುದ್ರೆ ಒತ್ತಿಸಿದರು. ಅಷ್ಟರೊಳಗೆ ವಿಮಾನ ಹೋಗಿತ್ತು.

ಗೂಳಪ್ಪ ರೈಲಿನಲ್ಲಿ ದಿಲ್ಲಿಗೆ ಹೋಗಿ, ಮೇಳ ಮುಗಿಯುವ ದಿನ ತಲುಪಿದ. ಮರಳಿ ಬರುವಾಗ ವಿಮಾನ ನಿಲ್ದಾಣದ ದಾರಿಯನ್ನೇ ಹಿಡಿಯಲಿಲ್ಲ. ಬಂದ ದಿನವೇ ಶೇವಂತಿಗೆ ಎಲ್ಲವನ್ನೂ ಹೇಳಿದ. ಹೇಳದಿದ್ದರೆ ಅವನಿಗೆ ಊಟ ಇಳಿಯುತ್ತಿರಲಿಲ್ಲ. ಊರಿಗೂ ಹೇಳುವವನಿದ್ದ. ಆದರೆ ಬಸ್ಸು ಇಳಿಯುವಾಗಲೇ ಪಕ್ಕದ ಮನೆಯ ಗಿರಮಲ್ಲಪ್ಪ ಚೀಲದ ಮೇಲೆ ನೇತಾಡುತ್ತಿದ್ದ ಚೀಟಿ ನೋಡಿಬಿಟ್ಟಿದ್ದ. ಗಿರಮಲ್ಲಪ್ಪನ ಚಹಾದ ಅಂಗಡಿಗೆ ಬಂದ ಸುದ್ದಿ ತೇರದಾಳ ತನಕ ತಾನಾಗಿಯೇ ಹೋಗುತ್ತದೆ. ಸಂಜೆಯೊಳಗೆ ಅವನು ವಿಮಾನದ ಗೂಳಪ್ಪ ಆಗಿದ್ದ. ಅವನು ಹೌದು ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಆ ಚೀಟಿಯನ್ನು ಚೀಲದಿಂದ ಬಿಚ್ಚಲೂ ಇಲ್ಲ.

ಜನ ಕೇಳುತ್ತ ಹೋದಂತೆ ಅವನೂ ಹೇಳುತ್ತ ಹೋದ. ತಪಾಸಣೆಯ ವಿಷಯ ಬಂದರೆ ಅವನ ಮಾತು ಗಟ್ಟಿ, ಅದು ಕಂಡದ್ದು. ಹಾರುವ ವಿಷಯ ಬಂದರೆ ಧ್ವನಿ ಸ್ವಲ್ಪ ಮೆತ್ತಗಾಗುತ್ತಿತ್ತು. "ಮ್ಯಾಲ ಹೋದಮ್ಯಾಲ ಸಪ್ಪಳ ಅನ್ನೂದ ಇರೂದಿಲ್ಲ. ಕರೆಂಟ್ ಹೋಗಿ ಊರಾಗಿನ ಮಗ್ಗ ಎಲ್ಲಾ ಒಮ್ಮೆಲೆ ನಿಂತಂಗ," ಅನ್ನುತ್ತಿದ್ದ. ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದವರಿಗೆ ಇದಕ್ಕಿಂತ ದೊಡ್ಡ ಸ್ವರ್ಗ ತೋರಿಸಲು ಯಾರಿಂದಲೂ ಆಗುವುದಿಲ್ಲ. ಜನ ಚಹಾ ಕುಡಿಸುತ್ತಿದ್ದರು. ಬೀಗರ ಮನೆಯಲ್ಲಿ ಅವನಿಗೆ ಗೋಡೆಗೆ ಒರಗುವ ಜಾಗ ಸಿಗತೊಡಗಿತು. ಮಗಳು ವಿಜಯಳನ್ನು ಮುಧೋಳಕ್ಕೆ ಕೊಡುವಾಗ ಗಂಡಿನ ಕಡೆಯವರು ಮೊದಲು ಕೇಳಿದ್ದು ವಿಮಾನದ ಗೂಳಪ್ಪ ಇವರೇ ಏನು ಎಂದು. ಸುಳ್ಳಿನ ಮೇಲೆ ಇಷ್ಟು ಕೂತ ಮೇಲೆ ಏಳುವುದು ಯಾರಿಗಾದರೂ ಕಷ್ಟ. ಸತ್ಯ ಹೊರಬಿದ್ದರೆ ಬನಹಟ್ಟಿಯಲ್ಲಿ ಮುಖ ಎತ್ತಿ ನಡೆಯಲಾಗದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದ ಇನ್ನೊಬ್ಬಳು ಶೇವಂತಿ. ಅವಳು ಬಾಯಿ ಬಿಟ್ಟಿರಲಿಲ್ಲ.

ಹೀಗೆ ಕೆಲವು ವರ್ಷ ಕಳೆದ ಮೇಲೆ ಬನಹಟ್ಟಿಗೆ ಹೆಲಿಕಾಪ್ಟರ್ ಬರುವ ಸುದ್ದಿ ಬಂತು. ಅದರಲ್ಲಿ ಮಂತ್ರಿಗಳು ಬರುವವರಿದ್ದರು. ಅವರ ಜೊತೆಗೆ ನಮ್ಮ ಬಟ್ಟೆ ನೋಡಲು ಡೆನ್ಮಾರ್ಕ್ ದೇಶದಿಂದ ಮಾರ್ಥಾ ಎಂಬ ಹೆಣ್ಣುಮಗಳು, ನಮ್ಮ ಕಡೆಯ ಮಾತಿನಲ್ಲಿ ಬಾಯಿಯವರು, ಬರುವವರಿದ್ದರು. ಬೆಳಗಾವಿಯಿಂದ ಬಂದು, ಶಾಲೆಯ ಮೈದಾನದಲ್ಲಿ ಇಳಿದು, ಅಲ್ಲೇ ಚಪ್ಪರದಲ್ಲಿ ಹೂಡಿದ ಮಗ್ಗ ನೋಡಿ, ಬೆಳಗಾವಿಗೇ ಮರಳುವುದು ಕಾರ್ಯಕ್ರಮ. ವಿದೇಶದ ಅತಿಥಿ ಇರುವುದರಿಂದ ವಿಮಾನ ನಿಲ್ದಾಣದ ಮಾದರಿಯಲ್ಲಿ ಭದ್ರತೆ ಇರಲಿ ಎಂದು ಮೇಲಿನಿಂದ ಆದೇಶವಾಯಿತು.

ಆದೇಶ ಬಂದು ಬಿದ್ದದ್ದು ಹೊಸದಾಗಿ ಬಂದಿದ್ದ ಸಬ್ ಇನ್‌ಸ್ಪೆಕ್ಟರ್ ಪ್ರೇಮಕುಮಾರ ಸಾಹೇಬರ ತಲೆಯ ಮೇಲೆ. ಬೀಳಗಿ ಕಡೆಯ ಪ್ರಾಮಾಣಿಕ ಮನುಷ್ಯ. ಸಂಘದ ಕಚೇರಿಗೆ ಬಂದು ಟೊಪ್ಪಿಗೆ ಮೇಜಿನ ಮೇಲಿಟ್ಟು, "ವಿಮಾನ ನಿಲ್ದಾಣ ನಾನೂ ನೋಡಿಲ್ರಿ. ಇಲ್ಲೆ ನೋಡಿದವರು ಯಾರರ ಅದಾರೇನು?" ಎಂದು ಕೇಳಿದರು.

ಕಚೇರಿಯಲ್ಲಿದ್ದವರೆಲ್ಲ ಗೋದಾಮಿನ ಬಾಗಿಲ ಕಡೆಗೆ ಕೈ ಮಾಡಿದರು. ಬಾಗಿಲಲ್ಲಿ ಗೂಳಪ್ಪ ಹೆಗಲ ಮೇಲೆ ಬಟ್ಟೆಯ ತಾನು ಹೊತ್ತುಕೊಂಡು ನಿಂತಿದ್ದ. ಭದ್ರತೆಯ ಹೊಣೆ ಹೀಗೆ ಅವನಿಗೆ ಬಂತು.

ಹೊಣೆ ಬಂದ ಮೇಲೆ ಗೂಳಪ್ಪ ಹಿಂದೆ ಸರಿಯಲಿಲ್ಲ. ನಿಲ್ದಾಣದಲ್ಲಿ ಕಂಡದ್ದೆಲ್ಲ ಅವನಿಗೆ ನೆನಪಿತ್ತು, ಯಾಕೆಂದರೆ ಬೇರೆಯವರಿಗಿಂತ ಹೆಚ್ಚು ಹೊತ್ತು ಅಲ್ಲಿ ನಿಂತಿದ್ದ. ಮೈದಾನದ ಸುತ್ತ ಹಗ್ಗ ಕಟ್ಟಿಸಿದ. ತಪಾಸಣೆ ಆದವರು ಮಾತ್ರ ಹಗ್ಗದ ಒಳಗೆ. ಅವರ ಕೊರಳಿಗೆ ಚೀಟಿ, ಚೀಟಿಗೆ ಮುದ್ರೆ. ಸೀರೆಗೆ ಹಾಕುವ ಚೀಟಿ ಸಂಘದಲ್ಲಿ ಬೇಕಾದಷ್ಟಿದ್ದವು. ಮುದ್ರೆ ಅಂದರೆ ಅವನ ಕೈಯಲ್ಲಿದ್ದದ್ದು ಬಟ್ಟೆಗೆ ಒತ್ತುವ ಮುದ್ರೆ. ಅದರಲ್ಲಿ "ಒಂದನೇ ದರ್ಜೆ" ಎಂದಿತ್ತು. ಸಾಹೇಬರು ಓದಿ ನೋಡಿ, ಅಡ್ಡಿಯಿಲ್ಲ ಅಂದರು.

ಹಿಂದಿನ ದಿನ ಸಂಘದ ಅಂಗಳದಲ್ಲಿ ಅಭ್ಯಾಸ ನಡೆಯಿತು. ಸಾಹೇಬರು ಬಾಗಲಕೋಟೆಯಿಂದ ಕರಿಯ ಯಂತ್ರ ತರಿಸಿದ್ದರು. ಮೊದಲು ಸಂಘದ ಅಧ್ಯಕ್ಷ ರಾಮಲಿಂಗಪ್ಪನವರು ಬಂದು ಕೈ ಅಗಲಿಸಿ ನಿಂತರು. ಮಾಲೆ ಹಾಕುವ ಹಕ್ಕು ಅವರದು. ಅದಕ್ಕೆಂದೇ ಹೊಸ ರುಮಾಲು ತರಿಸಿದ್ದರು. ಯಂತ್ರ ಅವರ ನಡುವಿನ ಹತ್ತಿರ ಬಂದು ಕೂಗಿತು. ಅವರ ಹಿಂದೆ ಬಂದ ನಿರ್ದೇಶಕರ ಹತ್ತಿರವೂ ಕೂಗಿತು. ಗಿರಮಲ್ಲಪ್ಪನ ಹತ್ತಿರ ಕೂಗಿತು. ಅಂಗಳದ ತುಂಬ ಉಡದಾರಗಳಿದ್ದವು.

ಸಾಹೇಬರು ಗೂಳಪ್ಪನ ಕಡೆ ತಿರುಗಿದರು. "ನಿಲ್ದಾಣದಾಗ ಹಿಂಗಾದ್ರ ಏನ್ ಮಾಡತಾರ್ರಿ?"

ಗೂಳಪ್ಪ ಪ್ರಾಮಾಣಿಕವಾಗಿ ಹೇಳಿದ: "ಬಿಡೂದಿಲ್ರಿ."

"ಹಂಗಾರ ನೀ ಹೆಂಗ ಹೋದಿ?" ಎಂದು ಕೇಳಿದ ಗಿರಮಲ್ಲಪ್ಪ. ಅವನು ಸುಮ್ಮನೆ ಕೇಳಿದ್ದು. ಆದರೆ ಗೂಳಪ್ಪ ಕೈಯಲ್ಲಿದ್ದ ಮುದ್ರೆಯನ್ನು ಕಾರಣವಿಲ್ಲದೆ ಶಾಯಿಯಲ್ಲಿ ಅದ್ದಿದ.

"ನಂದು ದೊಡ್ಡ ಸಾಹೇಬರ ತನಕ ಹೋಗಿ ಇತ್ಯರ್ಥ ಆತು. ಇಲ್ಲಿ ಅಷ್ಟ ದೊಡ್ಡವರ ಯಾರದಾರ?"

ಸಬ್ ಇನ್‌ಸ್ಪೆಕ್ಟರು ತಾವು ಅಷ್ಟು ದೊಡ್ಡವರಲ್ಲವೆಂದು ಒಪ್ಪಿಕೊಂಡರು. ಒಪ್ಪಿಕೊಂಡು, ಉಡದಾರ ಇದ್ದವರು ಒಂದೋ ತೆಗೆಯಬೇಕು, ಇಲ್ಲವೇ ಹಗ್ಗದ ಹೊರಗೆ ನಿಲ್ಲಬೇಕು ಎಂದು ತೀರ್ಪು ಕೊಟ್ಟರು.

ರಾಮಲಿಂಗಪ್ಪನವರು ತಮ್ಮ ನಡು ಮುಟ್ಟಿ ನೋಡಿಕೊಂಡರು. ಅವರ ಉಡದಾರ ಮದುವೆಯಲ್ಲಿ ಹಾಕಿದ್ದು. ಅಂದಿನ ನಡು ಬೇರೆ, ಇಂದಿನ ನಡು ಬೇರೆ. ಈಗ ಅದು ಹೊಟ್ಟೆಯ ಮಡಿಕೆಯೊಳಗೆ ಹೂತು ಹೋಗಿತ್ತು. ತೆಗೆಯುವುದೆಂದರೆ ಕತ್ತರಿಸಬೇಕು.

"ಗೂಳಪ್ಪಾ, ನಾ ಸತ್ತೇನಿ ಅಂತ ತಿಳ್ಕೊಂಡಿಯೇನು?" ಎಂದು ಕೇಳಿದರು.

"ಹಂಗಲ್ರೀ ಅಧ್ಯಕ್ಷರ. ಅಂತರರಾಷ್ಟ್ರೀಯ ನಿಯಮ ಐತಿ."

"ಮತ್ತ ಮಾಲಿ ಯಾರು ಹಾಕಬೇಕು?"

"ಹಗ್ಗದ ಆಚಿಗಿಂದ ಒಗೀರಿ."

ಅಧ್ಯಕ್ಷರ ಮುಖ ಕಪ್ಪಾಯಿತು. ನೂಲಿನ ಉಡದಾರದ ನಾಲ್ಕಾರು ಹುಡುಗರು ಯಂತ್ರವನ್ನು ಸದ್ದಿಲ್ಲದೆ ದಾಟಿ ಆ ಕಡೆ ನಿಂತಿದ್ದರು. ಅವರನ್ನು ನೋಡಿ ಅಧ್ಯಕ್ಷರಿಗೆ ಇನ್ನಷ್ಟು ಸಿಟ್ಟು ಬಂತು. "ನಾ ಹೊರಗ ನಿಂತಮ್ಯಾಲ ಯಾವ ಗಂಡಸು ಒಳಗ ಹೋಗತಾನ ನೋಡ್ತೀನಿ," ಎಂದು ಹೇಳಿ ಅಂಗಳ ಬಿಟ್ಟು ಹೋದರು. ಹುಡುಗರು ಒಬ್ಬೊಬ್ಬರಾಗಿ ಮರಳಿ ಈ ಕಡೆ ಬಂದರು. ನಾಳೆ ಸಂಘದಲ್ಲಿ ನೂಲು ತಗೊಳ್ಳುವವರು ಅವರೇ.

ಗಂಡಸರ ಪ್ರಶ್ನೆ ಹೀಗೆ ಮುಗಿದು ಹೆಂಗಸರ ಪ್ರಶ್ನೆ ಉಳಿಯಿತು. ತಾಳಿ, ಬಳೆ, ಕಾಲುಂಗುರ, ಮೂಗುಬೊಟ್ಟು ಎಂದು ನಮ್ಮ ಹೆಣ್ಣುಮಕ್ಕಳ ಮೈಮೇಲೆ ಯಂತ್ರ ಕೂಗದ ಜಾಗವೇ ಇರಲಿಲ್ಲ. ಸಾಹೇಬರು ಮತ್ತೆ ಗೂಳಪ್ಪನನ್ನು ಕೇಳಿದರು.

"ಹೆಂಗಸರನ್ನ ಪರದೆ ಹಿಂದ ತಪಾಸಣಿ ಮಾಡತಾರ್ರಿ. ಅಲ್ಲಿ ಏನ್ ನಡೀತೈತಿ ನಾ ನೋಡಿಲ್ಲ. ನೋಡೂದು ಸರಿ ಅಲ್ಲ," ಅಂದ ಗೂಳಪ್ಪ.

ಇದು ಸರಿಯಾದ ಮಾತೇ. ಪರದೆಯ ಹಿಂದಿನ ನಿಯಮ ಯಾರಿಗೂ ಗೊತ್ತಿಲ್ಲದ ಕಾರಣ ಅದನ್ನು ಮಾಡುವ ಹೊಣೆ ಪರದೆಯ ಹಿಂದೆ ನಿಂತವಳಿಗೇ ಬಿಟ್ಟರು. ಬರಬೇಕಿದ್ದ ಮಹಿಳಾ ಪೊಲೀಸರು ಬಂದಿರಲಿಲ್ಲ. ಶೇವಂತಿಯನ್ನು ಕರೆಸಿದರು. ಎರಡು ಕಂಬಕ್ಕೆ ಅಡ್ಡಲಾಗಿ ಸಂಘದ ಕೆಂಪು ದಡಿಯ ಸೀರೆ ಕಟ್ಟಿದರು. ಶೇವಂತಿ ಹಿಂದೆ ಹೋಗಿ ನಿಂತು, ಓಣಿಯ ಸಾವಿತ್ರೆವ್ವನನ್ನೂ ಶಂಕ್ರೆವ್ವನನ್ನೂ ಉಳಿದ ಹೆಂಗಸರನ್ನೂ ಒಳಗೆ ಕರೆದು, ಚಂದ ಕಾಣುತ್ತೀರಿ ಎಂದು ಹೇಳಿ ಆ ಕಡೆಯಿಂದ ಕಳಿಸಿದಳು. ಗೂಳಪ್ಪ ಎಲ್ಲರ ಚೀಟಿಗೂ "ಒಂದನೇ ದರ್ಜೆ" ಒತ್ತಿದ.

ಮರುದಿನ ಬೆಳಿಗ್ಗೆ ಮೈದಾನದ ದೃಶ್ಯ ಹೀಗಿತ್ತು. ಹಗ್ಗದ ಹೊರಗೆ ಬನಹಟ್ಟಿಯ ಸಕಲ ಗಂಡಸರು, ಮುಂದಿನ ಸಾಲಿನಲ್ಲಿ ಹೊಸ ರುಮಾಲಿನ ಅಧ್ಯಕ್ಷರು. ಹಗ್ಗದ ಒಳಗೆ ಹೆಂಗಸರು, ಸಾಹೇಬರು, ಮಗ್ಗ. ಭದ್ರತೆಯ ಮುಖ್ಯಸ್ಥ ಗೂಳಪ್ಪ ಹಗ್ಗಕ್ಕೆ ಎದೆ ತಾಗಿಸಿ ಹೊರಗೇ ನಿಂತಿದ್ದ. ನಿಯಮ ಮಾಡಿದವನಿಗೂ ಉಡದಾರ ಇತ್ತು.

ಹೆಲಿಕಾಪ್ಟರ್ ಬಂತು. ಧೂಳು ಎದ್ದು, ಇಳಿದು, ರುಮಾಲುಗಳು ಯಥಾಸ್ಥಾನಕ್ಕೆ ಬಂದ ಮೇಲೆ ಮಂತ್ರಿಗಳು, ಅವರ ಸಹಾಯಕ, ಮಾರ್ಥಾಬಾಯಿ ಮತ್ತು ಬಾಯಿಯ ಮಾತನ್ನು ಕನ್ನಡಕ್ಕೆ ತರುವ ಜವಳಿ ಇಲಾಖೆಯ ಅಧಿಕಾರಿ ಸಂಧ್ಯಾ ಮೇಡಂ ಇಳಿದರು. ವಿಮಾನದಿಂದ ಇಳಿದವರನ್ನು ಯಾರೂ ತಪಾಸಣೆ ಮಾಡುವುದಿಲ್ಲ, ಹತ್ತುವವರನ್ನು ಮಾತ್ರ ಮಾಡುತ್ತಾರೆ. ಇದು ಇಳಿದು ಗೊತ್ತಿದ್ದವರಿಗೆ ತಿಳಿಯುವ ಸಂಗತಿ. ಗೂಳಪ್ಪ ಹಗ್ಗದ ಹೊರಗಿನಿಂದ ಕೈ ಎತ್ತಿ, "ತಪಾಸಣಿ," ಅಂದ.

ಮಂತ್ರಿಗಳು ನಿಂತರು. ಅವರೂ ನಮ್ಮ ಸೀಮೆಯವರೇ. ನಡು ನೋಡಿದರೆ ಗೊತ್ತಾಗುತ್ತಿತ್ತು. ಪ್ರೇಮಕುಮಾರ ಸಾಹೇಬರು ಯಂತ್ರವನ್ನು ಒಮ್ಮೆ ನೋಡಿ, ಅದರ ಬ್ಯಾಟರಿ ಈಗ ತಾನೇ ಮುಗಿಯಿತೆಂದು ಘೋಷಿಸಿದರು. ಮಾರ್ಥಾಬಾಯಿ ಮಾತ್ರ ಯಾರೂ ಹೇಳುವ ಮೊದಲೇ ನಡುಪಟ್ಟಿ ಬಿಚ್ಚಿ, ಬೂಟು ಕಳಚಿ, ಬರಿಗಾಲಲ್ಲಿ ಕೈ ಅಗಲಿಸಿ ನಿಂತರು. ಎಷ್ಟು ದೇಶಗಳಲ್ಲಿ ಹೀಗೆ ನಿಂತಿದ್ದರೋ ಪಾಪ. ಮುಖದಲ್ಲಿ ಬೇಸರದ ಗೆರೆ ಇಲ್ಲ, ಪ್ರಶ್ನೆ ಇಲ್ಲ. ಸಭಾಂಗಣಗಳಲ್ಲಿ ಅಂತರರಾಷ್ಟ್ರೀಯ ಸಹಕಾರ ಎಂದು ಹೇಳುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡದ್ದು ಅವತ್ತು. ಶೇವಂತಿ ಅವರನ್ನು ಸೀರೆಯ ಹಿಂದೆ ಕರಕೊಂಡು ಹೋದಳು. ಹೊರಗೆ ಬಂದಾಗ ಬಾಯಿಯ ಹಣೆಯ ಮೇಲೆ ಕುಂಕುಮವಿತ್ತು, ಕೊರಳಲ್ಲಿ ಒಂದನೇ ದರ್ಜೆಯ ಚೀಟಿಯಿತ್ತು.

ಅಧ್ಯಕ್ಷರು ಮಾಲೆಯನ್ನು ಹಗ್ಗದ ಆಚೆಯಿಂದ ಎಸೆದರು. ಅದು ಸಹಾಯಕನ ಕಿವಿಗೆ ಸಿಕ್ಕಿಕೊಂಡಿತು. ಬಳಿಕ ಅವರು ಸ್ವಾಗತ ಭಾಷಣವನ್ನೂ ಅಲ್ಲಿಂದಲೇ ಮಾಡಿದರು. ಗಾಳಿ ಆ ಕಡೆ ಬೀಸುತ್ತಿದ್ದುದರಿಂದ ಅದು ಪಕ್ಕದ ಊರಾದ ರಬಕವಿಯವರಿಗೆ ಕೇಳಿಸಿರಬೇಕು.

ಒಳಗೆ ಮಾತ್ರ ಕೆಲಸ ನಡೆದಿತ್ತು. ಬಾಯಿ ಮಗ್ಗದ ಮುಂದೆ ನೆಲದ ಮೇಲೆ ಕೂತು ಒಂದೊಂದೇ ಪ್ರಶ್ನೆ ಕೇಳಿದರು. ಯಾವಾಗಲೂ ಇಂಥ ಪ್ರಶ್ನೆಗಳಿಗೆ ಅಧ್ಯಕ್ಷರು ಸಂಘದ ಇತಿಹಾಸ ಹೇಳಿ ಉತ್ತರ ಕೊಡುತ್ತಾರೆ. ಅಧ್ಯಕ್ಷರು ಹೊರಗಿದ್ದುದರಿಂದ ಶೇವಂತಿ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. ಬಣ್ಣ ಬಿಡುತ್ತದೆಯೇ ಎಂದರೆ ಕೆಂಪು ಮೊದಲ ಸಲ ಬಿಡುತ್ತದೆ ಅಂದಳು. ಸಂಧ್ಯಾ ಮೇಡಂ ಇದನ್ನು ತರ್ಜುಮೆ ಮಾಡಲೋ ಬೇಡವೋ ಎಂದು ತಡವರಿಸಿ ಮಾಡಿದರು. ಬಾಯಿ ನಕ್ಕರು. ಇಷ್ಟು ಊರು ತಿರುಗಿದರೂ ಬಣ್ಣ ಬಿಡುತ್ತದೆ ಎಂದು ಹೇಳಿದವರು ಯಾರೂ ಸಿಕ್ಕಿರಲಿಲ್ಲವಂತೆ.

ಹೊರಡುವ ಹೊತ್ತಾಯಿತು. ಮನೆಗೆ ಬಂದ ಹೆಣ್ಣುಮಗಳನ್ನು ಬರಿಯ ಉಡಿಯಲ್ಲಿ, ಮಡಿಲು ತುಂಬದೆ, ಕಳಿಸುವುದು ನಮ್ಮಲ್ಲಿ ಇಲ್ಲ. ಬಾಯಿ ಉಟ್ಟದ್ದು ಸೀರೆಯಲ್ಲ. ಅದಕ್ಕೆ ಸಾವಿತ್ರೆವ್ವ ಬಾಯಿಯ ಉದ್ದನೆಯ ಕೋಟಿನ ಎರಡೂ ಅಂಚು ಹಿಡಿದು ಎತ್ತಿಸಿದಳು. ಶೇವಂತಿ ಅದರೊಳಗೆ ಅಕ್ಕಿ, ಅಡಿಕೆ, ಉತ್ತತ್ತಿ, ಕುಪ್ಪಸದ ಖಣ ಹಾಕಿ, ಮೇಲೆ ಜುಟ್ಟಿದ್ದ ತೆಂಗಿನಕಾಯಿ ಇಟ್ಟಳು.

"ನಿಂದ್ರು, ನಿಂದ್ರು," ಎಂದು ಹಗ್ಗದ ಹೊರಗಿನಿಂದ ಧ್ವನಿ ಬಂತು. ಗೂಳಪ್ಪನದು. "ತಪಾಸಣಿ ಆದ ಪ್ಯಾಸೆಂಜರ್ ಕೈಯಾಗ ಬ್ಯಾರೇದವರು ಸಾಮಾನ ಕೊಡೂಹಂಗಿಲ್ಲ. ಅದರಾಗ ಕಾಯಿ ಅಂತೂ ವಿಮಾನದಾಗ ಒಯ್ಯೂಹಂಗ ಇಲ್ಲ. ತಗೀ."

ತುಂಬಿದ ಉಡಿಯಿಂದ ಕಾಯಿ ತೆಗೆ ಅನ್ನುವುದು ಬಾಯಲ್ಲಿ ಆಡುವ ಮಾತಲ್ಲ. ಶಂಕ್ರೆವ್ವ ಕಿವಿ ಮುಚ್ಚಿಕೊಂಡಳು. ಹಗ್ಗದ ಹೊರಗಿನ ಗಂಡಸರಿಗೂ ಇದು ಸೇರಲಿಲ್ಲ. ಆದರೆ ಮಾತಾಡುತ್ತಿರುವವನು ವಿಮಾನದ ಗೂಳಪ್ಪ.

ಶೇವಂತಿ ನಿಧಾನವಾಗಿ ಹಗ್ಗದ ಹತ್ತಿರ ಬಂದಳು. "ಕಾಯಿ ವಿಮಾನದಾಗ ಒಯ್ಯೂಹಂಗಿಲ್ಲ ಅಂತ ನಿಮಗ ಹೆಂಗ ಗೊತ್ತು?"

"ಬೋರ್ಡ ಹಾಕಿದ್ರು. ನೋಡೀನಿ."

"ಎಲ್ಲಿ ನೋಡೀರಿ? ವಿಮಾನದ ಒಳಗೋ, ಹೊರಗೋ?"

ಪ್ರಶ್ನೆ ಸಣ್ಣದು. ಗಿರಮಲ್ಲಪ್ಪ ಕುತೂಹಲದಿಂದ ಕತ್ತು ಮುಂದೆ ಮಾಡಿದ. ಅಧ್ಯಕ್ಷರು ಕತ್ತು ಮುಂದೆ ಮಾಡಿದರು. ಇಷ್ಟು ವರ್ಷ ಕಟ್ಟಿಕೊಂಡ ಹೆಸರು, ಬೀಗರ ಮನೆಯ ಗೋಡೆ, ಚಹಾ, ಎಲ್ಲವೂ ಹೆಂಡತಿಯ ಮುಂದಿನ ಮಾತಿನ ಮೇಲೆ ನಿಂತಿತ್ತು. ಅವಳು ಮುಂದಿನ ಮಾತು ಆಡಲಿಲ್ಲ. ಉತ್ತರಕ್ಕಾಗಿ ಕಾಯುತ್ತ ನಿಂತಳು.

"ಬೋರ್ಡಿನ ಮ್ಯಾಲ ಇದ್ದದ್ದು ಒಣಾ ಕೊಬ್ಬರಿ," ಅಂದ ಗೂಳಪ್ಪ ಕೊನೆಗೆ. "ಇದು ಹಸಿ ಕಾಯಿ. ಹೋಗಬಹುದು."

"ಹಂಗ ಹೇಳ್ರಿ ಮತ್ತ," ಎಂದು ಶೇವಂತಿ ತಿರುಗಿ ಹೋದಳು. ಹೆಲಿಕಾಪ್ಟರಿನ ಚಾಲಕರು ಕಾಯಿಗೆ ಕೈ ಮುಗಿದು, ತಮ್ಮದೇನೂ ಅಭ್ಯಂತರವಿಲ್ಲ ಅಂದರು.

ಅಷ್ಟಕ್ಕೆ ಮುಗಿದಿದ್ದರೆ ಗೂಳಪ್ಪ ಮನೆಗೆ ಹೋಗಿ ನೀರು ಕುಡಿದು ಮಲಗುತ್ತಿದ್ದ. ಆದರೆ ಸಂಧ್ಯಾ ಮೇಡಂ ಮಂತ್ರಿಗಳ ಕಿವಿಯಲ್ಲಿ ಏನೋ ಹೇಳಿದರು. ಮಧ್ಯಾಹ್ನ ಬೆಳಗಾವಿಯಲ್ಲಿ ಬಟ್ಟೆಯ ವಿಷಯವಾಗಿ ಸಭೆ ಇದೆ, ಬಾಯಿಗೆ ಇನ್ನೂ ಕೇಳುವುದಿದೆ, ಸಂಘದವರೊಬ್ಬರು ಜೊತೆಗೆ ಬಂದರೆ ಅನುಕೂಲ. ಸಹಾಯಕನನ್ನು ಅಧ್ಯಕ್ಷರು ಹಗ್ಗದ ಆಚೆಯಿಂದ ಕೊಟ್ಟ ಹೊದಿಕೆಯ ಗಂಟಿನ ಜೊತೆಗೆ ಕಾರಿನಲ್ಲಿ ಕಳಿಸಿದರೆ ಒಂದು ಜಾಗ ಖಾಲಿ.

"ಒಬ್ಬರು ಬರ್ರಿ," ಅಂದರು ಮಂತ್ರಿಗಳು.

ರಾಮಲಿಂಗಪ್ಪನವರು ಒಂದು ಕಾಲನ್ನು ಹಗ್ಗದ ಒಳಗೆ ಇಟ್ಟೇಬಿಟ್ಟರು. ಪ್ರೇಮಕುಮಾರ ಸಾಹೇಬರು ಅಡ್ಡ ಬಂದರು. "ಚೀಟಿ ಇಲ್ಲದವರು ಹಗ್ಗ ದಾಟೂಹಂಗಿಲ್ರಿ." ಅಧ್ಯಕ್ಷರು ಕಾಲು ಹಿಂದೆ ತಗೊಂಡು ಗೂಳಪ್ಪನನ್ನು ನೋಡಿದ ನೋಟವನ್ನು ಬರೆಯಲು ಬರುವುದಿಲ್ಲ.

"ಇಲ್ಲೆ ಯಾರೋ ವಿಮಾನದ ಗೂಳಪ್ಪ ಅಂತ ಅದಾರಂತಲ್ಲ, ಅವರ ಬರ್ಲಿ. ರೂಢಿ ಇದ್ದವರು," ಅಂದರು ಮಂತ್ರಿಗಳು.

ಗೂಳಪ್ಪನ ಎದೆ ಹಾರಿತು. ಹೆದರಿಕೆಯಿಂದಲೂ ಹಾರಿತು, ಆಸೆಯಿಂದಲೂ ಹಾರಿತು. ಅವನು ಹಗ್ಗ ಎತ್ತಿ ತಲೆ ಬಗ್ಗಿಸಿದ. ಸಾಹೇಬರು ನಿಯಮದ ಪ್ರಕಾರ ಯಂತ್ರ ಹಿಡಿದರು. ಅದರ ಬ್ಯಾಟರಿ ಅಷ್ಟರಲ್ಲಿ ತಾನಾಗಿಯೇ ತುಂಬಿಕೊಂಡಿತ್ತು. ನಡುವಿನ ಹತ್ತಿರ ಯಂತ್ರ ಕೂಗಿತು.

"ಕತ್ತರಿ ತರಸ್ಲೇನ್ರಿ ಗೂಳಪ್ಪನವರ?" ಎಂದು ಸಾಹೇಬರು ಮರ್ಯಾದೆಯಿಂದಲೇ ಕೇಳಿದರು.

"ತರಸ್ರಿ, ತರಸ್ರಿ," ಅಂದರು ಅಧ್ಯಕ್ಷರು. "ನಮಗೆಲ್ಲಾ ನಿಯಮ ಹೇಳಿದಾಂವ. ಕತ್ತರಿಸ್ಕೊಳ್ಳಿ."

ಮಗ್ಗದ ಮೇಲೆ ನೂಲು ಕತ್ತರಿಸುವ ಕತ್ತರಿ ಇತ್ತು. ಯಾರೋ ಅದನ್ನು ತಂದು ಗೂಳಪ್ಪನ ಕೈಯಲ್ಲಿ ಕೊಟ್ಟರು. ಅವನ ಉಡದಾರ ಅಧ್ಯಕ್ಷರದರಷ್ಟು ದಪ್ಪ ಇರಲಿಲ್ಲ, ಒಂದು ಸಲ ಒತ್ತಿದರೆ ಸಾಕು. ಒತ್ತಿದರೆ ಇಷ್ಟು ವರ್ಷದ ಸುಳ್ಳು ಒಂದು ಗಳಿಗೆಯಲ್ಲಿ ಖರೆ ಆಗುತ್ತಿತ್ತು. ಆಮೇಲೆ ಯಾರು ಏನು ಕೇಳಿದರೂ ಧ್ವನಿ ಮೆತ್ತಗೆ ಮಾಡಬೇಕಿರಲಿಲ್ಲ. ಹೆಂಡತಿಗೂ ಹೆದರಬೇಕಿರಲಿಲ್ಲ. ಅವನು ಅಂಗಿ ಎತ್ತಿ, ಕತ್ತರಿಯ ಬಾಯಿ ತೆರೆದು, ಒಮ್ಮೆ ತಲೆ ಎತ್ತಿದ.

ಹೆಲಿಕಾಪ್ಟರಿನ ಹತ್ತಿರ ಬಾಯಿಯ ಉಡಿ ಹಿಡಿದುಕೊಂಡು ನಿಂತಿದ್ದ ಶೇವಂತಿಯ ಮುಖ ಬಿಳುಪೇರಿತ್ತು. ಗಂಡನ ಉಡದಾರಕ್ಕೆ ಕತ್ತರಿ ಬೀಳುವುದನ್ನು ಹೆಂಗಸರು ನೋಡುವುದು ಯಾವ ದಿನ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವಳು ಬೇಡವೆಂದು ತಲೆ ಆಡಿಸಿದಳು.

ಗೂಳಪ್ಪ ಅಂಗಿ ಇಳಿಸಿದ. "ಬ್ಯಾಡ್ರಿ ಸಾಹೇಬ್ರ. ಶೇವಂತೀನ ಹೋಗ್ಲಿ. ಬಾಯಿಗೆ ಉತ್ತರ ಕೊಟ್ಟಾಕೀನೂ ಆಕೀನ. ತಪಾಸಣೀನೂ ಆಗೈತಿ."

"ಆಕೀನ ತಪಾಸಣಿ ಮಾಡಿದವರು ಯಾರ್ರಿ?"

"ಆಕೀನ್ರಿ. ಎಲ್ಲಾರನ್ನೂ ಆಕೀನ ಮಾಡ್ಯಾಳ. ತನ್ನನ್ನೂ ತಾನ ಮಾಡ್ಕೊಂಡಾಳ."

ಸಾಹೇಬರು ಅವಳ ಕೊರಳಿನ ಚೀಟಿ ನೋಡಿದರು. ಒಂದನೇ ದರ್ಜೆ. ಅಲ್ಲಿಗೆ ಆಡಳಿತದ ದೃಷ್ಟಿಯಿಂದ ವಿಷಯ ಮುಗಿಯಿತು.

ಶೇವಂತಿ ಬರುವುದಿಲ್ಲ ಅಂದಳು. ಮನೆಯಲ್ಲಿ ಹಿಟ್ಟು ಬೀಸಲು ಹಾಕಿದ್ದಿದೆ ಅಂದಳು. ಎರಡೂ ಕೈಯಲ್ಲಿ ಉಡಿ ಹಿಡಿದುಕೊಂಡಿದ್ದ ಮಾರ್ಥಾಬಾಯಿ ಅವಳನ್ನು ಮೊಣಕೈಯಿಂದ ಮೆಲ್ಲಗೆ ಒಳಗೆ ನೂಕಿದರು. ಏನಾದರೂ ಹೇಳಬೇಕೆಂದು ಗೂಳಪ್ಪ ಹಗ್ಗದ ಮೇಲೆ ಬಗ್ಗಿದ. ಇಷ್ಟು ವರ್ಷ ಊರಿಗೆಲ್ಲ ಹಾರುವ ವಿಷಯ ಹೇಳಿದವನು ಈಗ "ಗಟ್ಟಿ ಹಿಡ್ಕೊಂಡು ಕೂಡು," ಅಂದ. ಅದು ಎತ್ತಿನ ಗಾಡಿಗೂ ಹೇಳುವ ಮಾತೇ.

ಹೆಲಿಕಾಪ್ಟರ್ ಎದ್ದಾಗ ಹೊಸ ರುಮಾಲು ಹಾರಿ ಶಾಲೆಯ ಹಂಚಿನ ಮೇಲೆ ಬಿತ್ತು. ಅಧ್ಯಕ್ಷರು ಬೋಳುತಲೆಯಲ್ಲಿ ಆಕಾಶ ನೋಡುತ್ತ ನಿಂತರು. ಗೂಳಪ್ಪನೂ ನೋಡುತ್ತ ನಿಂತ. ಅದು ಮೊದಲು ಕಾಗೆಯಷ್ಟು, ಆಮೇಲೆ ನೊಣದಷ್ಟು ಆಗಿ ಮಹಾಲಿಂಗಪುರದ ಕಡೆ ಹೋಯಿತು. ಅವನಿಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು. ಇಳಿದು ಬಂದ ಮೇಲೆ, ಆಕಾಶದಲ್ಲಿ ಖರೆ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿರುತ್ತದೆ. ಊರು ಅವಳನ್ನು ಕೇಳದೆ ಬಿಡುವುದಿಲ್ಲ.

ಸಂಜೆ ಬೆಳಗಾವಿ ಬಸ್ಸು ಬರುವ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ಜಾಗವಿರಲಿಲ್ಲ. ಅಧ್ಯಕ್ಷರೂ ಬಂದಿದ್ದರು. ಪ್ರೇಮಕುಮಾರ ಸಾಹೇಬರು ಗದ್ದಲವಾದೀತೆಂದು ಬಂದಿದ್ದರು. ಶೇವಂತಿ ಇಳಿದಳು. ಬೆಳಗಾವಿಯ ಸಭೆ ಚಲೋ ಆಯಿತೆಂದೂ, ಬಾಯಿ ಕೆಂಪು ದಡಿಯ ಬಟ್ಟೆಯನ್ನೇ ಆರಿಸಿದರೆಂದೂ ಹೇಳಿದಳು. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಗಿರಮಲ್ಲಪ್ಪ ಜನರನ್ನು ಸರಿಸಿ ಮುಂದೆ ಬಂದ. "ಯವ್ವಾ ಶೇವಂತಿ, ಅದು ಇರ್ಲಿ. ಮ್ಯಾಲ ಹೆಂಗಿತ್ತು? ನಿನ್ ಗಂಡ ಹೇಳಿದ್ದು ಖರೆ ಐತೇನು? ಸಪ್ಪಳ ಇರೂದಿಲ್ಲ ಅಂತಾನಲ್ಲ."

ಅವಳಿಗೆ ಕೇಳಿಸಲಿಲ್ಲ. ಹೆಲಿಕಾಪ್ಟರಿನ ಸದ್ದು ಬಡಿದ ಕಿವಿ ಇನ್ನೂ ತೆರೆದಿರಲಿಲ್ಲ. "ಏನ?" ಎಂದು ಕಿವಿಗೆ ಕೈ ಇಟ್ಟಳು. ಅವನು ಇನ್ನೊಮ್ಮೆ ಕೂಗಿ ಕೇಳಿದ. ಗೂಳಪ್ಪ ಕಂಬವೊಂದಕ್ಕೆ ಒರಗಿ ನೆಲ ನೋಡುತ್ತಿದ್ದ.

ಶೇವಂತಿ ಗಂಡನನ್ನು ನೋಡಿದಳು. ಆಮೇಲೆ ಕಿವಿ ಕೇಳದವರು ಮಾತಾಡುವಂತೆ, ರಬಕವಿಗೆ ಮುಟ್ಟುವಷ್ಟು ದೊಡ್ಡ ಧ್ವನಿಯಲ್ಲಿ ಹೇಳಿದಳು:

"ಇವರು ಹೇಳಿದಂಗ ಇತ್ತು. ಸಪ್ಪಳನ ಇರಲಿಲ್ಲ."

ಜನ ಸಮಾಧಾನದಿಂದ ತಲೆ ಆಡಿಸಿದರು. ಗಿರಮಲ್ಲಪ್ಪ ತಾನು ಮೊದಲೇ ಹೇಳಿರಲಿಲ್ಲವೇ ಎಂದು ಅಧ್ಯಕ್ಷರನ್ನು ಕೇಳಿದ. ಗುಂಪು ಚದುರಿತು.

ಗಂಡ ಹೆಂಡತಿ ಓಣಿಯ ಕಡೆ ನಡೆದರು. ಹಾದಿಯಲ್ಲಿ ಗೂಳಪ್ಪ ಅವಳ ಕೈಯಲ್ಲಿದ್ದ ಚೀಲ ತಗೊಂಡ. ಮನೆಯ ತಿರುವು ಬಂದಾಗ ಅವಳ ಕಿವಿಯ ಹತ್ತಿರ ಬಾಯಿ ಇಟ್ಟು ಕೇಳಿದ:

"ಶೇವಂತಿ, ಖರೆ ಹೇಳು. ಮ್ಯಾಲ ಹೆಂಗಿತ್ತು?"

"ಮೊದಲ ಮನಿ ಒಳಗ ನಡೀರಿ," ಅಂದಳು ಶೇವಂತಿ. "ಕೂತ್ಕೊಂಡು ಎಲ್ಲಾ ಹೇಳತೀನಿ. ನಾಳಿಂದ ಊರಿಗೆ ಹೇಳಾವರು ನೀವು. ಚಂದಂಗ ಕಲ್ಕೋರಿ."